ಪೆಟ್ಟಿಗೆಗಳಿಗೊಬ್ಬ ಚುಕ್ಕಾಣಿಗ

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ‘ಐಡಿಯಲ್ ಎಕ್ಸ್’ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್‌ಗೆ ಹೊರಟಿತು. ಸರಕನ್ನು ಬಿಡಿಬಿಡಿಯಾಗಿ ಏರಿಸಿ ಇಳಿಸುವ ಕಾಲ ಹಿಂದೆ ಸರಿಯತೊಡಗಿತು.

ಇದೇ ಉಪಾಯವನ್ನು 2013ರಲ್ಲಿ ‘ಡಾಕರ್’ ಕಂಪ್ಯೂಟರ್ ಲೋಕದಲ್ಲಿ ಜನಪ್ರಿಯಗೊಳಿಸಿತು. ತಂತ್ರಾಂಶವನ್ನೂ ಅದರ ಪರಿಕರಗಳನ್ನೂ ಒಂದೇ ‘ಕಂಟೇನರ್’ನಲ್ಲಿ ಕಟ್ಟಿಟ್ಟರೆ ಬೇರೆ ಬೇರೆ ಯಂತ್ರಗಳಲ್ಲಿ ಓಡಿಸುವುದು ಸುಲಭ. ಆದರೆ ಅಂಥ ಸಾವಿರಾರು ಪೆಟ್ಟಿಗೆಗಳನ್ನು ನೋಡಿಕೊಳ್ಳುವವರು ಯಾರು?

ಗೂಗಲ್ ತನ್ನ ಒಳಗಿನ ‘ಬೋರ್ಗ್’ ವ್ಯವಸ್ಥೆಯ ಅನುಭವದಿಂದ ರೂಪಿಸಿದ ‘ಕುಬರ್ನೆಟೀಸ್’ ಅನ್ನು 2014ರಲ್ಲಿ ಎಲ್ಲರಿಗೂ ಮುಕ್ತವಾಗಿಸಿತು. ಗ್ರೀಕ್‌ನಲ್ಲಿ ಇದಕ್ಕೆ ಚುಕ್ಕಾಣಿ ಹಿಡಿಯುವವನು ಎಂದರ್ಥ. ಬಳಕೆದಾರರು ಹೆಚ್ಚಿದರೆ ಕಂಟೇನರ್‌ಗಳನ್ನು ಹೆಚ್ಚಿಸುವುದು, ನಿಂತುಹೋದುದರ ಜಾಗಕ್ಕೆ ಹೊಸದನ್ನು ತರುವುದು ಇದರ ಕೆಲಸ. ಕಂಪ್ಯೂಟರ್ ಬಲವನ್ನು ಬಾಡಿಗೆಗೆ ಕೊಡುವ ‘ಕ್ಲೌಡ್’ ವ್ಯಾಪಾರದ ಪ್ರತಿಸ್ಪರ್ಧಿ ಅಮೆಜಾನ್ ಕೂಡ 2018ರಲ್ಲಿ ಇದನ್ನೇ ಸೇವೆಯಾಗಿ ನೀಡತೊಡಗಿತು. ಗುಟ್ಟಾಗಿದ್ದರೆ ಒಂದೇ ಹಡಗಿಗೆ ಒದಗುತ್ತಿದ್ದ ಚುಕ್ಕಾಣಿಗ ಹೀಗೆ ಎಲ್ಲರ ಹಡಗನ್ನೂ ಏರಿದ.