ಬಳ್ಳಾರಿ–ಕರ್ನೂಲು ಸೀಮೆಯ ಬಹುಶಿಸ್ತೀಯ ಸಂಶೋಧನೆ

ತುಂಗಭದ್ರೆಯ ದಕ್ಷಿಣಕ್ಕಿರುವ ಬಳ್ಳಾರಿ, ಆದವಾನಿ, ಆಲೂರು, ಕೌತಾಳಂ ಹಾಗೂ ಕರ್ನೂಲು ಪ್ರದೇಶವನ್ನು ಕುರಿತು ಭೂವಿಜ್ಞಾನ, ಪುರಾತತ್ತ್ವ, ಶಾಸನಶಾಸ್ತ್ರ, ಸಸ್ಯವಿಜ್ಞಾನ, ರಸಾಯನವಿಜ್ಞಾನಗಳು ಕೂಡಿ ನಡೆಸಿದ ಅಧ್ಯಯನಗಳ ಪರಂಪರೆ. 19ನೆಯ ಶತಮಾನದಲ್ಲಿ ಅಧಿಕಾರಿಗಳ ಸರ್ವೇಕ್ಷಣೆಯಾಗಿ ಮೊದಲಾದ ಈ ಕೆಲಸ 1940ರ ದಶಕದಿಂದ ವಿದ್ಯಾಪೀಠಗಳ ಕೈಗೆ ಬಂತು. ಇಲ್ಲಿಯ ಬೂದಿದಿಬ್ಬ, ಗವಿ, ಕೆರೆಗಳನ್ನು ಯಾವ ಒಂದು ಶಾಸ್ತ್ರವೂ ತಾನೊಂದೇ ವಿವರಿಸಲಾಗದೆ ಹೋದದ್ದು ಶಿಸ್ತುಗಳು ಒಂದುಗೂಡಲು ಮುಖ್ಯ ಕಾರಣ.

ಸರ್ವೇಕ್ಷಣೆಯ ಕಾಲ

1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಕಾಲಿನ್ ಮೆಕೆಂಜಿ ಭೂಮಾಪನದ ಜೊತೆಗೆ ಊರೂರ ಕೈಫಿಯತ್ತು (ಸ್ಥಳವೃತ್ತಾಂತ), ಶಾಸನಪ್ರತಿಗಳನ್ನೂ ಸ್ಥಳೀಯ ಸಹಾಯಕರಿಂದ ಸಂಗ್ರಹಿಸಿದ. ಸೇನಾಧಿಕಾರಿ ಟಿ. ಜೆ. ನ್ಯೂಬೋಲ್ಡ್ ಕುಡತಿನಿಯ ಬೂದಿದಿಬ್ಬವನ್ನು ಕುರಿತು ಬರೆದ. 1844ರಲ್ಲಿ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳಲ್ಲಿ ಸಿಕ್ಕ ಪ್ರಾಣಿಗಳ ಮೂಳೆಗಳ ವರದಿಯನ್ನು ಪ್ರಕಟಿಸಿದ.

1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ರಾಬರ್ಟ್ ಬ್ರೂಸ್ ಫೂಟ್ ಬಂಡೆಗಳ ನಕ್ಷೆ ಮಾಡುತ್ತಲೇ ಕಲ್ಲಿನ ಆಯುಧಗಳನ್ನೂ ಆಯ್ದು ದಾಖಲಿಸಿದ. ಬಿಲ್ಲಸುರ್ಗಂ ಗವಿಗಳನ್ನು 1884–85ರಲ್ಲಿ ಅವನೂ ಅವನ ಮಗ ಹೆನ್ರಿಯೂ ಅಗೆದು ನೋಡಿದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಫೂಟ್‌ನ ಗ್ರಂಥ 1890ರ ದಶಕದಲ್ಲಿ ಹೊರಬಂದಾಗ ಆದವಾನಿ, ಆಲೂರು ತಾಲ್ಲೂಕುಗಳು ಆ ಜಿಲ್ಲೆಗೇ ಸೇರಿದ್ದವು. ನೆರೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕ ಶಾಸನಗಳನ್ನು ಬೆಳಕಿಗೆ ತಂದ ಅನು ಘೋಷ್ ಭೂವಿಜ್ಞಾನಿ.

ಬೂದಿದಿಬ್ಬದ ಪ್ರಶ್ನೆ

ಕುಡತಿನಿಯ ದಿಬ್ಬ ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಎಂಬುದು ಸ್ಥಳೀಯ ಐತಿಹ್ಯ. ವಿದ್ವಾಂಸರಲ್ಲಿಯೂ ಜ್ವಾಲಾಮುಖಿಯ ಉಳಿಕೆ, ಕಬ್ಬಿಣ ಕರಗಿಸಿದ ಕಿಟ್ಟ ಎಂಬಂಥ ಹಲವು ಊಹೆಗಳಿದ್ದವು. ದನದ ಸಗಣಿ ಸುಟ್ಟು ಉಳಿದದ್ದು ಎಂಬ ವಾದವನ್ನು ಫೂಟ್ ಮುಂದಿಟ್ಟ.

ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತು ನಡೆಸಿದ ಸಂಶೋಧನೆ 1948ರಲ್ಲಿ ಪ್ರಕಟವಾಯಿತು. ಮುಂದೆ ಲಂಡನ್ನಿನ ಎಫ್. ಇ. ಝಾಯ್ನರ್ ಬೂದಿಯ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಸಗಣಿಯದೇ ಎಂದು ತೋರಿಸಿದ. 1957ರಲ್ಲಿ ರೇಮಂಡ್ ಆಲ್ಚಿನ್ ಉತ್ನೂರಿನ ಬೂದಿದಿಬ್ಬದಲ್ಲಿ ನಡೆಸಿದ ಉತ್ಖನನದಲ್ಲಿ ದನಗಳ ಗೊರಸಿನ ಗುರುತುಗಳು, ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳು ಸಿಕ್ಕವು. ಹೀಗೆ ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಿದ್ದ ತಾಣಗಳೆಂಬ ಅಭಿಪ್ರಾಯ ನೆಲೆಗೊಂಡಿತು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ ದಿಬ್ಬದ ಪಕ್ಕದಲ್ಲೇ ಜನವಸತಿ ಇದ್ದುದನ್ನು ತೋರಿಸಿತು. ಸಗಣಿಯನ್ನು ಸುಟ್ಟದ್ದು ಕಸ ವಿಲೇವಾರಿಗೋ ಆಚರಣೆಗೋ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ವಿಶ್ವವಿದ್ಯಾಲಯಗಳ ಕೂಡುಕೆಲಸ

ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ 1964–65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿದ್ದ ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್ ಮೊದಲಾದವರೊಡನೆ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳನ್ನು ಮತ್ತೆ ಅಧ್ಯಯನಕ್ಕೆ ತೆಗೆದುಕೊಂಡರು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟು ಕರಿಯಾದ ಕಾಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದಾಗ ಕೊರಲೆ, ಹುರುಳಿ, ಹೆಸರು ನವಶಿಲಾಯುಗದ ಬೆಳೆಗಳೆಂದು ತಿಳಿಯಿತು. ದಕ್ಷಿಣ ಭಾರತದಲ್ಲಿ ಬೇಸಾಯ ಸ್ಥಳೀಯ ಧಾನ್ಯಗಳಿಂದಲೇ ಬೆಳೆದಿರಬಹುದೆಂಬ ವಾದಕ್ಕೆ ಇದು ಬಲ ಕೊಟ್ಟಿತು. ಹಿರೇಗುಡ್ಡದಲ್ಲಿ ಕಲ್ಲುಕೊಡಲಿ ತಯಾರಿಸುತ್ತಿದ್ದ ನೆಲೆಯೂ ಬಡಿದರೆ ನಾದ ಹೊಮ್ಮುವ ಬಂಡೆಗಳೂ ದಾಖಲಾದವು. ಕಲ್ಲುಗಣಿಗಾರಿಕೆಯಿಂದ ಈ ನೆಲೆಗಳಿಗೆ ಧಕ್ಕೆ ಒದಗಿದೆ.

ಅಂದಿನ ಕರ್ನೂಲು ಜಿಲ್ಲೆಯ ಜ್ವಾಲಾಪುರದಲ್ಲಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯ ಅವರ ತಂಡ, ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಕಾರಿದ ಬೂದಿಯ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಾಯುಧಗಳನ್ನು ಕಂಡಿತು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿ, ಸ್ಫೋಟದ ಅನಂತರವೂ ಮಾನವರು ಇಲ್ಲಿ ಉಳಿದಿದ್ದರೆಂದು ವಾದಿಸಿತು. ಅವರು ಆಧುನಿಕ ಮಾನವರೇ ಎಂಬುದನ್ನು ಪಾಲ್ ಮೆಲ್ಲರ್ಸ್ ಮೊದಲಾದವರು ಒಪ್ಪಲಿಲ್ಲ.

ಮಧ್ಯಯುಗದ ಅಧ್ಯಯನದಲ್ಲಿಯೂ ಹಲವು ಶಿಸ್ತುಗಳನ್ನು ಕೂಡಿಸುವ ಇದೇ ಕ್ರಮ ಬಳಕೆಗೆ ಬಂತು. ಕ್ಯಾಥ್ಲೀನ್ ಮಾರಿಸನ್ ಶಾಸನಗಳ ಜೊತೆಗೆ ಕಮಲಾಪುರ ಕೆರೆಯ ಹೂಳಿನಲ್ಲಿದ್ದ ಪರಾಗವನ್ನೂ ಆಧಾರವಾಗಿಟ್ಟು ವಿಜಯನಗರದ ಕೃಷಿಚರಿತ್ರೆಯನ್ನು 1995ರ ಗ್ರಂಥದಲ್ಲಿ ನಿರೂಪಿಸಿದರು. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾಗಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾದ ಕನ್ನಡ ವಿಶ್ವವಿದ್ಯಾಲಯ ಶಾಸನ, ಹಸ್ತಪ್ರತಿ, ಜಾನಪದ, ಬುಡಕಟ್ಟು ಅಧ್ಯಯನಗಳನ್ನು ಒಂದೇ ಆವರಣದಲ್ಲಿ ಕೂಡಿಸಿತು. ಮೆಕೆಂಜಿ ಸಂಗ್ರಹದ ಕನ್ನಡ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಅಲ್ಲಿಂದಲೇ ಪ್ರಕಟವಾದವು.

ಗಡಿ ಮತ್ತು ಆಕರಗಳು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಇದರಿಂದ ಸಂಶೋಧನೆಯ ಆಕರಗಳೂ ಹಂಚಿಹೋದವು. ಆದವಾನಿ ಸೀಮೆಯ ಹಳೆಯ ವಿವರಗಳು ಡಬ್ಲ್ಯು. ಫ್ರಾನ್ಸಿಸ್‌ನ 1904ರ ಬಳ್ಳಾರಿ ಗೆಝೆಟಿಯರಿನಲ್ಲಿವೆ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿವೆ. ಮುಂದೆ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ (1981), ಕರ್ನೂಲಿನ ರಾಯಲಸೀಮಾ ವಿಶ್ವವಿದ್ಯಾಲಯ (2008), ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ (2010) ಸ್ಥಾಪನೆಯಾದವು. ಕೌತಾಳಂ–ಆದವಾನಿ ಭಾಗವನ್ನು ಅಧ್ಯಯನ ಮಾಡುವವರು 1953ಕ್ಕೆ ಹಿಂದಿನದನ್ನು ಬಳ್ಳಾರಿಯ ಹೆಸರಿನಲ್ಲಿ, ಅನಂತರದ್ದನ್ನು ಕರ್ನೂಲಿನ ಹೆಸರಿನಲ್ಲಿ ಹುಡುಕಬೇಕು. ಕನ್ನಡ, ತೆಲುಗು ಎರಡನ್ನೂ ಓದಬಲ್ಲವರಾಗಿರಬೇಕು.