ಸ್ವಂತ ಕೃತಕ ಬುದ್ಧಿಮತ್ತೆ ಸಹಾಯಕ: ಸ್ಥಳದ ಆಯ್ಕೆ

ನಾಗರಿಕರು ತಾವೇ ಅಳವಡಿಸಿಕೊಂಡು ನಿರ್ವಹಿಸುವ ಕೃತಕ ಬುದ್ಧಿಮತ್ತೆ ಸಹಾಯಕ ತಂತ್ರಾಂಶವನ್ನು ಮನೆಯ ಗಣಕಯಂತ್ರದಲ್ಲಿ ಅಥವಾ ಬಾಡಿಗೆ ಸರ್ವರ್‌ನಲ್ಲಿ ಇರಿಸಬಹುದಾಗಿದೆ. ಆಯ್ಕೆಗೆ ಮುನ್ನ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ವಿದ್ಯುತ್: ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಿಗೆ ಬೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಭಾಷಾ ಮಾದರಿಯನ್ನು ಮನೆಯಲ್ಲಿಯೇ ನಡೆಸುವ ಗಣಕಯಂತ್ರವು ಸರಾಸರಿ 200 ವ್ಯಾಟ್‌ನಂತೆ ಹಗಲಿರುಳು ಚಾಲನೆಯಲ್ಲಿದ್ದಲ್ಲಿ 30 ದಿನಗಳಿಗೆ 144 ಯೂನಿಟ್ ವ್ಯಯವಾಗುತ್ತದೆ. 2023ರಲ್ಲಿ ಜಾರಿಗೊಂಡ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳ ಮಾಸಿಕ ಬಳಕೆ 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಅವರೇ ಪಾವತಿಸಬೇಕಾಗುತ್ತದೆ.

2. ಮಾಹಿತಿ: ಪ್ರಶ್ನೆಗಳನ್ನು ಹೊರಗಿನ ಭಾಷಾ ಮಾದರಿಗೆ ರವಾನಿಸುವುದಾದರೆ ಸುಮಾರು 10 ವ್ಯಾಟ್‌ನ ಪುಟ್ಟ ಗಣಕಯಂತ್ರ ಸಾಕು, ಆದರೆ ಪ್ರಶ್ನೆಯೊಡನೆ ಕಳುಹಿಸಿದ ವಿವರಗಳು ಮನೆಯಿಂದ ಹೊರಹೋಗುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ ವ್ಯಕ್ತಿಗಳ ಸ್ವಂತ ಹಾಗೂ ಗೃಹ ಬಳಕೆಗೆ ವಿನಾಯಿತಿಯಿದೆ. ಗ್ರಾಹಕರ ಅಥವಾ ರೋಗಿಗಳ ವಿವರಗಳನ್ನು ವೃತ್ತಿಗಾಗಿ ಬಳಸುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

3. ನಿರ್ವಹಣೆ: ಬಾಡಿಗೆ ಸರ್ವರ್‌ಗೆ ಮನೆಯ ವಿದ್ಯುತ್ ಕಡಿತದ ಬಾಧೆಯಿಲ್ಲ. ಆದರೆ ಅದು ಸದಾ ಅಂತರ್ಜಾಲಕ್ಕೆ ತೆರೆದಿರುವುದರಿಂದ ಗುಪ್ತಪದ ಹಾಗೂ ತಂತ್ರಾಂಶದ ಪರಿಷ್ಕರಣೆಯ ಹೊಣೆ ಬಳಕೆದಾರರದ್ದೇ ಆಗಿರುತ್ತದೆ.

ಆದ್ದರಿಂದ ಆಧಾರ್, ಬ್ಯಾಂಕ್ ಹಾಗೂ ವೈದ್ಯಕೀಯ ದಾಖಲೆಗಳನ್ನು ಓದಿಸುವವರು ಮಾದರಿಯನ್ನೂ ಮನೆಯಲ್ಲಿಯೇ ಇರಿಸಿಕೊಳ್ಳುವುದು ಸೂಕ್ತ. ಸಾಮಾನ್ಯ ವಿಷಯಗಳಿಗೆ ಬಾಡಿಗೆ ಸರ್ವರ್ ಸಾಕಾಗುತ್ತದೆ.