ಹುಂಡಿಯ ಹಳೆಯ ಎಚ್ಚರ

ಹತ್ತಿ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿ ಪೇಟೆಯಲ್ಲಿ ಹಿಂದೆ ದೂರದೂರುಗಳ ಲೇವಾದೇವಿ ನಡೆಯುತ್ತಿದ್ದುದು ಹುಂಡಿಗಳ ಮೂಲಕ. ‘ಶಾಹಜೋಗ’ ಎಂಬ ಬಗೆಯ ಹುಂಡಿಯ ಕಟ್ಟಳೆ ಗಮನಾರ್ಹ: ತಂದವರಿಗೆಲ್ಲ ಹಣವಿಲ್ಲ, ಪೇಟೆ ಬಲ್ಲ ಸಾಹುಕಾರನ ಮೂಲಕ ಬಂದರಷ್ಟೇ ಪಾವತಿ.

ಈ ಎಚ್ಚರ ತಪ್ಪಿದರೆ ಏನಾದೀತೆಂಬುದಕ್ಕೆ ದೆಹಲಿಯ ನಗರವಾಲಾ ಪ್ರಕರಣವೇ ಸಾಕ್ಷಿ. 1971ರ ಮೇ 24ರಂದು, ಗುಟ್ಟಿನ ಕೆಲಸಕ್ಕೆ ತುರ್ತಾಗಿ ಹಣ ಬೇಕೆಂದ ಫೋನಿನ ದನಿ ಪ್ರಧಾನಿ ಇಂದಿರಾ ಗಾಂಧಿಯವರದೇ ಎಂದು ನಂಬಿ ಸ್ಟೇಟ್ ಬ್ಯಾಂಕಿನ ಮುಖ್ಯ ಕ್ಯಾಷಿಯರ್ 60 ಲಕ್ಷ ರೂಪಾಯಿ ಕೊಟ್ಟರು. ರಸೀದಿಗೆಂದು ಪ್ರಧಾನಿ ನಿವಾಸಕ್ಕೆ ಹೋದಾಗಲೇ ಮೋಸ ತಿಳಿದದ್ದು.

ಇಂದು ‘ಸಾಹೇಬರ’ ಹೆಸರಿನಲ್ಲಿ ಕಚೇರಿಗೆ ಬರುವ ಖೊಟ್ಟಿ ಇ-ಮೇಲ್‌ನಲ್ಲೂ ಅವೇ ಲಕ್ಷಣಗಳು: ದೊಡ್ಡ ಹೆಸರು, ಗುಟ್ಟು, ಅವಸರ. ಅದಕ್ಕೆ ಉತ್ತರಿಸದೆ, ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುವುದೇ ಈ ಕಾಲದ ಶಾಹಜೋಗ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.